ಸೇರಲು ಒಂದು ಬಟನ್, ಬಿಡಲು?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಈಗಿನ ರಾಜಕೀಯದ ಬಗ್ಗೆ ಮಾತಾಡಿ ಅಂತ ಬಾನುಲಿಯವರು ಕೇಳಿದರು. ಅವರ ಮನಸ್ಸಿನಲ್ಲಿ ಟ್ರಂಪ್, ಸುಂಕ, ವೀಸಾ ಇದ್ದಿರಬೇಕು. ಅದೆಲ್ಲ ನಿಮಗೆ ಟೀವಿಯಲ್ಲಿ ದಿನಾ ಸಿಗುತ್ತದೆ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿದ ಮೇಷ್ಟ್ರು. ಗ್ರಾಹಕರ ಕಾನೂನು ಅಂದರೆ ನನಗೆ ಸ್ವಲ್ಪ ಹುಚ್ಚು. ಹಾಗಾಗಿ ಒಂದು ಬಟನ್ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದೆ. ಮೊಬೈಲ್ ಪರದೆಯ ಮೇಲೆ ಇರಬೇಕಾದ, ಆದರೆ ಎಷ್ಟು ಹುಡುಕಿದರೂ ಸಿಗದ ಬಟನ್. 'ನನಗೆ ಈ ಚಂದಾ ಇನ್ನು ಬೇಡ' ಅನ್ನುವ ಬಟನ್. ಅದಕ್ಕಾಗಿ ಅಮೆರಿಕದಲ್ಲಿ ಆಯೋಗ, ಕೋರ್ಟು, ಎರಡೂ ಪಕ್ಷ, ದೊಡ್ಡ ದೊಡ್ಡ ಕಂಪನಿಗಳು ಕಿತ್ತಾಡಿಕೊಂಡಿವೆ.

ನಾನು ಹೇಳಬೇಕಾದ ಮಾತು ಒಂದೇ. ಒಲೆ ಮೇಲೆ ಹಾಲಿಟ್ಟು ಕೇಳುತ್ತಿರುವವರು ಇಷ್ಟು ಕೇಳಿಸಿಕೊಂಡು ಎದ್ದು ಹೋದರೂ ನನಗೆ ಬೇಜಾರಿಲ್ಲ. ಸೇರಲು ಒಂದು ಬಟನ್ ಸಾಕಾದರೆ, ಬಿಡಲೂ ಒಂದೇ ಬಟನ್ ಸಾಕಾಗಬೇಕು.

ಈಗ ಎಲ್ಲವೂ ಚಂದಾ ಆಗಿದೆ, ಅಲ್ವಾ? ಸಿನಿಮಾ ನೋಡಲು ಚಂದಾ, ಹಾಡು ಕೇಳಲು ಚಂದಾ, ಫೋಟೋ ಇಟ್ಟುಕೊಳ್ಳಲು ಚಂದಾ. ಮೊದಲ ತಿಂಗಳು ಉಚಿತ ಅನ್ನುತ್ತಾರೆ. ಆದರೆ ಕಾರ್ಡ್ ನಂಬರ್ ಮಾತ್ರ ಇವತ್ತೇ ಕೊಡಬೇಕು. ಉಚಿತ ಅಂದ ಮೇಲೆ ಕಾರ್ಡ್ ಯಾಕೆ ಅಂತ ನಾವು ಕೇಳುವುದಿಲ್ಲ. ತಿಂಗಳು ಮುಗಿದ ದಿನ ಅವರು ಕೇಳದೆ ದುಡ್ಡು ತೆಗೆದುಕೊಳ್ಳುತ್ತಾರೆ. ನೀವು ಬೇಡ ಅನ್ನುವ ತನಕ ತೆಗೆದುಕೊಳ್ಳುತ್ತಲೇ ಇರುತ್ತಾರೆ.

ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಗದ್ದೆಯ ನೀರು ಹರಿಯುವ ಕಡೆ ಕೂಳಿ ಇಡುತ್ತಾರೆ. ಬಿದಿರಿನ ಕಡ್ಡಿಯಲ್ಲಿ ಹೆಣೆದದ್ದು. ಮೀನು ಒಳಗೆ ನುಗ್ಗುವುದು ಸಲೀಸು. ತಿರುಗಿ ಹೊರಗೆ ಬರಲು ಹೋದರೆ ಕಡ್ಡಿಯ ಮೊನೆಗಳು ಮುಖಕ್ಕೇ ಅಡ್ಡ ಬರುತ್ತವೆ. ಈ ಚಂದಾ ವ್ಯಾಪಾರವೂ ಅದೇ ಹೆಣಿಗೆ.

ಒಂದು ಪ್ರಸಂಗ ಹೇಳುತ್ತೇನೆ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಕ್ಷಮಿಸಿ, ಇನ್ನೊಮ್ಮೆ ಕೇಳಬೇಕು.

ಕೋವಿಡ್‌ಗೆ ಸ್ವಲ್ಪ ಮೊದಲು ನಾನು, ನನ್ನ ಹೆಂಡತಿ ಮಗಳ ಮನೆಗೆ ಹೋಗಿದ್ದೆವು. ಅಮೆರಿಕದ ನ್ಯೂಜೆರ್ಸಿಯಲ್ಲಿ. ಅವಳು ಅಲ್ಲಿನ ಒಂದು ಪತ್ರಿಕೆಗೆ ಆನ್‌ಲೈನ್ ಚಂದಾ ಕಟ್ಟಿದ್ದಳು. ಯಾವ ಪತ್ರಿಕೆ ಅನ್ನುವುದು ಬೇಡ. ಮೊದಲು ವಾರಕ್ಕೆ ಒಂದು ಡಾಲರ್ ಅಂದಿದ್ದರು. ಆಮೇಲೆ ಅದು ಸದ್ದಿಲ್ಲದೆ ನಾಲ್ಕು ಡಾಲರ್ ಆಗಿತ್ತು. ಓದಲು ಪುರುಸೊತ್ತಿಲ್ಲ, ನಿಲ್ಲಿಸಿಬಿಡುತ್ತೇನೆ ಅಂತ ಒಂದು ಭಾನುವಾರ ಲ್ಯಾಪ್‌ಟಾಪ್ ತೆಗೆದು ಕೂತಳು. ಕಾಫಿ ಮುಗಿಯುವುದರೊಳಗೆ ಆಗುವ ಕೆಲಸ ಅಂತ ನಾನೂ ಪಕ್ಕದಲ್ಲಿ ಕೂತೆ.

ವಿಳಾಸ ಬದಲಿಸಲು ಜಾಗ ಇದೆ. ಹೊಸ ಕಾರ್ಡ್ ಸೇರಿಸಲು ಜಾಗ ಇದೆ. ಅಣ್ಣತಮ್ಮಂದಿರಿಗೆ ಚಂದಾ ಉಡುಗೊರೆ ಕೊಡಿ ಅಂತ ದೊಡ್ಡದಾಗಿ ಬರೆದಿದೆ. ನಿಲ್ಲಿಸುವ ಜಾಗ ಮಾತ್ರ ಇಲ್ಲ. ಕೊನೆಗೆ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದ ಸಾಲು ಸಿಕ್ಕಿತು. ನಿಲ್ಲಿಸಬೇಕಾದರೆ ಈ ನಂಬರಿಗೆ ಫೋನ್ ಮಾಡಿ, ಸೋಮವಾರದಿಂದ ಶುಕ್ರವಾರ, ಆಫೀಸಿನ ಹೊತ್ತಿನಲ್ಲಿ. ಸೇರುವುದಾದರೆ ಭಾನುವಾರ ಮಧ್ಯರಾತ್ರಿಯೂ ಬಾಗಿಲು ತೆರೆದಿರುತ್ತದೆ, ನೋಡಿ.

ಮಾರನೇ ದಿನ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ಮೊದಲು ತುಂಬಾ ಹೊತ್ತು ಸಂಗೀತ. ಆಮೇಲೆ ಒಬ್ಬ ಹುಡುಗ ಸಿಕ್ಕ. ಬಹಳ ಮರ್ಯಾದೆಯಿಂದ ಮಾತಾಡಿದ. ಯಾಕೆ ಬಿಡುತ್ತೀರಿ ಅಂತ ಕೇಳಿದ. ಓದಲು ಸಮಯ ಇಲ್ಲ ಅಂದಳು. ಹಾಗಾದರೆ ಅರ್ಧ ಬೆಲೆಗೆ ಕೊಡುತ್ತೇನೆ ಅಂದ. ಬೇಡ ಅಂದಳು. ಮೂರು ತಿಂಗಳು ವಿರಾಮ ತೆಗೆದುಕೊಳ್ಳಿ ಅಂದ. ಅದೂ ಬೇಡ. ಅಡುಗೆ ವಿಭಾಗ ಓದುತ್ತೀರಾ ಅಂತ ಶುರು ಮಾಡಿದ. ನನಗೆ ತಡೆಯಲಾಗಲಿಲ್ಲ. "ಬೇಡ ಅಂದ್ರೆ ಬೇಡ ಅನ್ನಮ್ಮಾ!" ಅಂತ ಕೂಗಿಬಿಟ್ಟೆ. "ಸುಮ್ನಿರಿ ಅಪ್ಪ, ಎಲ್ಲ ರೆಕಾರ್ಡ್ ಆಗ್ತಿದೆ" ಅಂದಳು. ಅಷ್ಟರಲ್ಲಿ ನಿಮ್ಮನ್ನು ಬೇರೆ ವಿಭಾಗಕ್ಕೆ ಕೊಡುತ್ತೇನೆ ಅಂದ. ಲೈನ್ ಕಟ್ ಆಯಿತು. ಇನ್ನೊಮ್ಮೆ ಮೊದಲಿನಿಂದ ಸಂಗೀತ.

ಸಂಜೆ ಇದನ್ನು ಅವಳ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಗೆಳತಿ ನಮ್ಮ ಶಿವಮೊಗ್ಗದ ಕಡೆಯವಳೇ. ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅವಳು ನಕ್ಕು, "ಅಯ್ಯೋ, ನಮ್ಮನೆ ಅಡ್ರೆಸ್ ಹಾಕು, ಆಮೇಲೆ ನೋಡು" ಅಂದಳಂತೆ. ಮಗಳು ನ್ಯೂಜೆರ್ಸಿ ವಿಳಾಸ ತೆಗೆದು ಫ್ರೀಮಾಂಟಿನ ವಿಳಾಸ ಹಾಕಿದಳು. ಅದೇ ಲ್ಯಾಪ್‌ಟಾಪ್, ಅದೇ ಪುಟ. ಪುಟದ ಕೆಳಗೆ ಬಟನ್ ಬಂದು ಕೂತಿತ್ತು. 'ಚಂದಾ ರದ್ದು ಮಾಡಿ.' ಒತ್ತಿದಳು, ಮುಗಿಯಿತು.

ಸುಳ್ಳು ವಿಳಾಸ ಕೊಡುವುದು ಸರಿಯಾ ಅಂತ ನನ್ನ ಹೆಂಡತಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಬಟನ್ ಬಂದದ್ದು ಹೇಗೆ? ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತ್ತು. ಆನ್‌ಲೈನ್‌ನಲ್ಲಿ ಚಂದಾ ಸೇರಿದವರಿಗೆ ಆನ್‌ಲೈನ್‌ನಲ್ಲೇ ಬಿಡುವ ಅವಕಾಶ ಕೊಡಬೇಕು ಅಂತ. 2018ರ ಜುಲೈನಿಂದ ಅದು ಜಾರಿಯಲ್ಲಿದೆ. ನ್ಯೂಜೆರ್ಸಿಯವರಿಗೆ ಆ ಕಾನೂನು ಇರಲಿಲ್ಲ. ಹಾಗಾಗಿ ನ್ಯೂಜೆರ್ಸಿಯವರಿಗೆ ಬಟನ್ ಇಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ. ಕಂಪನಿಗಳು ಏನು ಹೇಳುತ್ತವೆ? ಅದು ತಾಂತ್ರಿಕವಾಗಿ ಕಷ್ಟ, ಖರ್ಚಿನ ಕೆಲಸ ಅನ್ನುತ್ತವೆ. ಏನು ಕಷ್ಟ ಸ್ವಾಮಿ? ಬಟನ್ ಮಾಡಿ ಇಟ್ಟುಕೊಂಡಿದ್ದರು. ನೀವು ಯಾವ ಊರಿನವರು ಅಂತ ನೋಡಿ, ತೋರಿಸಬೇಕೋ ಮುಚ್ಚಿಡಬೇಕೋ ಅಂತ ತೀರ್ಮಾನಿಸುತ್ತಿದ್ದರು. ಸೇರಲು ಒಂದು ಬಟನ್ ಸಾಕಾದರೆ, ಬಿಡಲೂ ಒಂದೇ ಬಟನ್ ಸಾಕು. ಇದು ಆಗುವ ಕೆಲಸ. ಆಗಿರುವ ಕೆಲಸ.

ಈ ಪ್ರಸಂಗಕ್ಕೆ ಎಷ್ಟು ಸಮಯ ಕೊಡಬಾರದಿತ್ತೋ ಅಷ್ಟು ಕೊಟ್ಟೆ. ಇನ್ನು ರಾಜಕೀಯಕ್ಕೆ ಬರುತ್ತೇನೆ.

ವಾಷಿಂಗ್ಟನ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅಂತ ಒಂದು ಆಯೋಗ ಇದೆ. 1914ರಲ್ಲಿ ಆದದ್ದು. ಎಫ್‌ಟಿಸಿ ಅಂತ ಕರೆಯುತ್ತಾರೆ. ವ್ಯಾಪಾರದಲ್ಲಿ ಮೋಸ ಆದರೆ ನೋಡುವುದು ಅದರ ಕೆಲಸ. ಕಾನೂನಿನ ಪ್ರಕಾರ ಐದು ಜನ ಸದಸ್ಯರು. ಒಂದೇ ಪಕ್ಷದವರು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ. ಈ ಚಂದಾ ರಗಳೆ ಅವರಿಗೆ ಹೊಸದಲ್ಲ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅಲ್ಲಿ ಪುಸ್ತಕದ ಕ್ಲಬ್, ಗ್ರಾಮಫೋನ್ ರೆಕಾರ್ಡ್ ಕ್ಲಬ್ ಇದ್ದವು. ತಿಂಗಳಿಗೊಂದು ಕಾರ್ಡ್ ಅಂಚೆಯಲ್ಲಿ ಬರುತ್ತಿತ್ತು. ಬೇಡ ಅಂತ ವಾಪಸ್ ಬರೆಯದಿದ್ದರೆ ಪುಸ್ತಕವೂ ಬರುತ್ತಿತ್ತು, ಬಿಲ್ಲೂ ಬರುತ್ತಿತ್ತು. ಬೇಡ ಅನ್ನಲು ಜನರಿಗೆ ಕನಿಷ್ಠ ಹತ್ತು ದಿನ ಕೊಡಿ ಅಂತ 1973ರಲ್ಲಿ ಎಫ್‌ಟಿಸಿ ನಿಯಮ ಮಾಡಿತು. ಸುಮ್ಮನಿದ್ದರೆ ಒಪ್ಪಿದಂತೆ ಅನ್ನುವ ವ್ಯಾಪಾರ ಅಷ್ಟು ಹಳೆಯದು.

ಬೈಡನ್ ಕಾಲದಲ್ಲಿ ಲೀನಾ ಖಾನ್ ಅನ್ನುವವರು ಈ ಆಯೋಗದ ಅಧ್ಯಕ್ಷೆಯಾಗಿದ್ದರು. ಆ ಹಳೆಯ ನಿಯಮವನ್ನು ಈ ಕಾಲಕ್ಕೆ ತಿದ್ದಲು ಹೊರಟರು. ಜನರ ಅಭಿಪ್ರಾಯ ಕೇಳಿದಾಗ 16,000ಕ್ಕೂ ಹೆಚ್ಚು ಪತ್ರ ಬಂದವು. ದೂರುಗಳು 2021ರಲ್ಲಿ ದಿನಕ್ಕೆ ಸರಾಸರಿ 42 ಇದ್ದವು. 2024ಕ್ಕೆ ಸುಮಾರು 70ಕ್ಕೆ ಏರಿದವು. 2024ರ ಅಕ್ಟೋಬರ್‌ನಲ್ಲಿ ನಿಯಮ ಬಂತು. ಸಾರಾಂಶ ನಾನು ಹೇಳುತ್ತಿರುವುದೇ: ಸೇರಿದಷ್ಟೇ ಸುಲಭವಾಗಿ ಬಿಡಲು ಆಗಬೇಕು. ಮೂರು ಮತ ಪರ, ಎರಡು ವಿರೋಧ. ವಿರೋಧಿಸಿದ ಇಬ್ಬರೂ ರಿಪಬ್ಲಿಕನ್ನರು, ಅಂದರೆ ಟ್ರಂಪ್ ಪಕ್ಷದವರು. ಅವರಲ್ಲಿ ಒಬ್ಬರ ಹೆಸರು ಆ್ಯಂಡ್ರೂ ಫರ್ಗ್ಯುಸನ್. ಹೆಸರು ನೆನಪಿಟ್ಟುಕೊಳ್ಳಿ.

ಕೇಬಲ್ ಟೀವಿಯವರು, ಜಾಹೀರಾತಿನವರು, ವಾಣಿಜ್ಯ ಮಂಡಳಿಯವರು ಕೋರ್ಟಿಗೆ ಹೋದರು. 2025ರ ಜನವರಿಯಲ್ಲಿ ಟ್ರಂಪ್ ಬಂದರು. ಫರ್ಗ್ಯುಸನ್ ಅಧ್ಯಕ್ಷರಾದರು. ಮಾರ್ಚಿನಲ್ಲಿ ಆಯೋಗದ ಡೆಮಾಕ್ರಟ್ ಸದಸ್ಯರಿಬ್ಬರನ್ನು, ಅಂದರೆ ಬೈಡನ್ ಪಕ್ಷದವರನ್ನು, ಟ್ರಂಪ್ ಕಿತ್ತುಹಾಕಿದರು. ನಿಯಮದ ಮುಖ್ಯ ಭಾಗ ಜುಲೈ 14ಕ್ಕೆ ಜಾರಿಗೆ ಬರಬೇಕಿತ್ತು. ಜುಲೈ 8ಕ್ಕೆ ಮೇಲ್ಮನವಿ ಕೋರ್ಟು ಇಡೀ ನಿಯಮವನ್ನೇ ರದ್ದು ಮಾಡಿತು. ಇನ್ನು ಆರೇ ದಿನ ಇತ್ತು!

ಕಾರಣ ಕೇಳಿ. ಮೋಸದ ವ್ಯಾಪಾರ ಸರಿ ಅಂತ ಕೋರ್ಟು ಹೇಳಲಿಲ್ಲ. ಯಾವುದಾದರೂ ನಿಯಮದಿಂದ ದೇಶದ ಮೇಲೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಪರಿಣಾಮ ಆಗುವುದಾದರೆ, ಆಯೋಗ ಮೊದಲೇ ಒಂದು ಲೆಕ್ಕಾಚಾರದ ವರದಿ ಪ್ರಕಟಿಸಬೇಕು. ಅಷ್ಟು ಆಗುವುದಿಲ್ಲ ಅಂತ ಆಯೋಗ ಅಂದುಕೊಂಡಿತ್ತು. ಆಗುತ್ತದೆ ಅಂತ ಆಯೋಗದಲ್ಲೇ ಈ ನಿಯಮದ ವಿಚಾರಣೆ ನಡೆಸಿದ ನ್ಯಾಯಾಧೀಶರು ಹೇಳಿದ ಮೇಲೂ ಆ ಮೊದಲ ವರದಿ ಬರಲಿಲ್ಲ. ಅಷ್ಟಕ್ಕೇ ನಿಯಮ ಬಿದ್ದುಹೋಯಿತು. ಕೋಟ್ಯಂತರ ಜನ ಕಾಯುತ್ತಿದ್ದ ಬಟನ್ ಒಂದು ವರದಿಯ ಕೊರತೆಯಿಂದ ಹೋಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ. ಕಂಪನಿಯವರ ಮೇಲೆ ಮಾತ್ರ ಅಲ್ಲ, ಅವಸರ ಮಾಡಿದ ಆಯೋಗದವರ ಮೇಲೂ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2010ರ ಇನ್ನೊಂದು ಕಾನೂನು ಇದೆ. ಇಂಟರ್ನೆಟ್‌ನಲ್ಲಿ ಪದೇ ಪದೇ ದುಡ್ಡು ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಲು ಸರಳ ದಾರಿ ಕೊಡಬೇಕು ಅನ್ನುತ್ತದೆ. ಅದೇ ಕಾನೂನಿನ ಕೆಳಗೆ ಎಫ್‌ಟಿಸಿ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ದಾವೆ ಹಾಕಿತ್ತು. ಅಮೆಜಾನ್ ಪ್ರೈಮ್ ನಿಮಗೆ ಗೊತ್ತು. ಆಗ ಅಲ್ಲಿ ಅದಕ್ಕೆ ವರ್ಷಕ್ಕೆ 139 ಡಾಲರ್ ಇತ್ತು. ಸೇರಲು ಒಂದೆರಡು ಕ್ಲಿಕ್. ಬಿಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ. ಇದು ಎಫ್‌ಟಿಸಿ ದಾವೆಯಲ್ಲಿ ಬರೆದ ಲೆಕ್ಕ. ಈ ಬಿಡುವ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು ಇಲಿಯಡ್. ಗ್ರೀಕರ ಆ ದೊಡ್ಡ ಯುದ್ಧಕಾವ್ಯ. ಗ್ರಾಹಕ ಹೊರಗೆ ಹೋಗುವುದು ಯುದ್ಧ ಮುಗಿಸಿದಷ್ಟು ಉದ್ದ ಅಂತ ಅವರಿಗೇ ಗೊತ್ತಿತ್ತು ಅನ್ನಿಸುತ್ತದೆ, ಅಲ್ವಾ? ದಾವೆ ಬೀಳುವುದಕ್ಕೆ ಎರಡು ತಿಂಗಳು ಮೊದಲು, ಒತ್ತಡ ಜಾಸ್ತಿ ಆದಾಗ, ಆ ದಾರಿಯನ್ನು ಅವರೇ ಬಹುಮಟ್ಟಿಗೆ ಸರಳ ಮಾಡಿದರು. ಮನಸ್ಸು ಮಾಡಿದರೆ ಆಗುತ್ತದೆ!

2025ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ವಿಚಾರಣೆ ಶುರುವಾಯಿತು. ಕೆಲವೇ ದಿನಕ್ಕೆ ರಾಜಿ ಆಯಿತು. 250 ಕೋಟಿ ಡಾಲರ್. ಅದರಲ್ಲಿ 100 ಕೋಟಿ ದಂಡ, 150 ಕೋಟಿ ಗ್ರಾಹಕರಿಗೆ ವಾಪಸ್. ಸುಮಾರು ಮೂರೂವರೆ ಕೋಟಿ ಜನರಿಗೆ ಇದು ಸಂಬಂಧಿಸಿದ್ದು ಅಂತ ಅಂದಾಜು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಈ ರಾಜಿಯನ್ನು ದೊಡ್ಡ ಗೆಲುವು ಅಂತ ಸಾರಿದವರು ಯಾರು? ನಿಯಮಕ್ಕೆ ವಿರೋಧ ಮತ ಹಾಕಿದ್ದ ಅದೇ ಫರ್ಗ್ಯುಸನ್. ದಾವೆ ಹೂಡಿದ್ದು ಬೈಡನ್ ಕಾಲದ ಆಯೋಗ, ದುಡ್ಡು ವಸೂಲಿ ಮಾಡಿದ್ದು ಟ್ರಂಪ್ ಕಾಲದ ಆಯೋಗ. ಮಿಕ್ಕ ಎಲ್ಲದಕ್ಕೂ ಜಗಳವಾಡುವ ಎರಡು ಪಕ್ಷಗಳು ಇದರಲ್ಲಿ ಒಂದೇ ಕಡೆ ಎಳೆದವು. ಯಾಕೆ ಗೊತ್ತಾ? ರಿಪಬ್ಲಿಕನ್ ಮನೆಯಲ್ಲೂ ಬೇಡದ ಚಂದಾ ಇದೆ, ಡೆಮಾಕ್ರಟ್ ಮನೆಯಲ್ಲೂ ಇದೆ.

ಊಬರ್ ಮೇಲೂ ಒಂದು ಕೇಸ್ ಇದೆ. ಚಂದಾ ಬಿಡಲು 23 ಪರದೆಗಳ ತನಕ ದಾಟಬೇಕಾಗಬಹುದು ಅನ್ನುವ ಆರೋಪ. ಕಂಪನಿ ಅಲ್ಲಗಳೆದಿದೆ. ಅದನ್ನು ವಿವರಿಸಲು ಈಗ ಸಮಯವಿಲ್ಲ. ಗಾಜಿನ ಆಚೆಯಿಂದ ನನಗೆ ಕೈಸನ್ನೆ ಬರುತ್ತಿದೆ.

ನಮ್ಮ ದೇಶದ ಮಾತು ಬೇಗ ಹೇಳುತ್ತೇನೆ. 2023ರ ನವೆಂಬರ್ 30ರಂದು ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಚಂದಾದ ಬಲೆ ಅದರಲ್ಲಿ ಒಂದು. ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ತಾನಾಗಿ ದುಡ್ಡು ಕಡಿತ ಆಗುವುದಕ್ಕೆ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ. ಬೇಡವಾದರೆ ಆಗಲೇ ನಿಲ್ಲಿಸಬಹುದು. ಇದರಲ್ಲಿ ನಾವು ಅಮೆರಿಕದವರಿಗಿಂತ ಮುಂದಿದ್ದೇವೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು. ಮೊಬೈಲಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ತುಂಬಾ ಜನ ನಿಂತಿತು ಅಂದುಕೊಂಡಿದ್ದಾರೆ. ದುಡ್ಡು ಹೋಗುತ್ತಲೇ ಇರುತ್ತದೆ. ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಒಂದು ಜಾಗ ಇದೆ. ಸಂಜೆ ಮನೆಗೆ ಮಗನೋ ಸೊಸೆಯೋ ಬಂದ ಮೇಲೆ ಅದನ್ನು ತೆಗೆಸಿ ನೋಡಿ. ಯಾರ್‍ಯಾರಿಗೆ ದುಡ್ಡು ಹೋಗುತ್ತಿದೆ ಅಂತ ಪಟ್ಟಿ ಇರುತ್ತದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಕಂಪನಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ 1915. ಕನ್ನಡದಲ್ಲೇ ಮಾತಾಡಬಹುದು. ಸೇರಲು ಒಂದು ಬಟನ್ ಇತ್ತು, ಬಿಡಲು ಬಟನ್ ಕೊಡುತ್ತಿಲ್ಲ ಅಂತ ಹೇಳಿ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ಒಂಬತ್ತು, ಒಂದು, ಐದು.

ನಮಸ್ಕಾರ.