ನುಡಿಗಟ್ಟಿನ ಹುಟ್ಟು ಮತ್ತು ಕಚೇರಿಯ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ಮಂಗಳೂರಿನ ಕಚೇರಿಯೊಂದರಲ್ಲಿ ನಾನು ಅಧಿಕಾರಿಯಾಗಿದ್ದಾಗ, ಲೆಕ್ಕ ಗೋಜಲಾಗಿದ್ದ ಕಡತವೊಂದರ ಬಗ್ಗೆ ಸಭೆಯಲ್ಲಿ ಮಾತನಾಡುತ್ತ, ‘ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ’ ಎಂದುಬಿಟ್ಟೆ. ಉಳಿದವರು ನಕ್ಕರು, ಹಿಂದಿನ ವರ್ಷವಷ್ಟೇ ಪತಿಯನ್ನು ಕಳೆದುಕೊಂಡಿದ್ದ ಸಹೋದ್ಯೋಗಿಯೊಬ್ಬರು ತಲೆ ತಗ್ಗಿಸಿದರು. ನುಡಿಗಟ್ಟುಗಳ ಹುಟ್ಟನ್ನು ಹುಡುಕುವ ಅಭ್ಯಾಸ ನನಗೆ ಅಂಟಿಕೊಂಡದ್ದು ಆ ದಿನದಿಂದ.

ಹುಟ್ಟಿನ ಕತೆಗಳನ್ನು ಸುಲಭವಾಗಿ ನಂಬುವಂತಿಲ್ಲ. ಅಂದಾಜಿನ ಲೆಕ್ಕಕ್ಕೆ ನಮ್ಮ ಕಚೇರಿಗಳಲ್ಲಿ ‘ರೂಲ್ ಆಫ್ ಥಂಬ್’ ಎನ್ನುವುದು ರೂಢಿ. ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೆಂಡತಿಯನ್ನು ಹೊಡೆಯಲು ಇಂಗ್ಲೆಂಡಿನ ಕಾನೂನು ಗಂಡನಿಗೆ ಅನುಮತಿ ಕೊಟ್ಟಿತ್ತು, ಈ ಮಾತು ಬಂದದ್ದು ಅಲ್ಲಿಂದ, ಆದ್ದರಿಂದ ಇದನ್ನು ಬಳಸಬಾರದು ಎನ್ನುವವರಿದ್ದಾರೆ. 1782ರಲ್ಲಿ ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಹಾಗೆ ಹೇಳಿದರೆಂಬ ಸುದ್ದಿ ಹಬ್ಬಿ, ಆ ನ್ಯಾಯಾಧೀಶರನ್ನು ಹಂಗಿಸಿ ಚಿತ್ರಕಾರ ಜೇಮ್ಸ್ ಗಿಲ್‌ರೇ ವ್ಯಂಗ್ಯಚಿತ್ರ ಬರೆದದ್ದು ನಿಜ. ಆದರೆ ಅಂಥ ಕಾನೂನು ಇರಲಿಲ್ಲ; ನುಡಿಗಟ್ಟಾದರೋ ಅದಕ್ಕೂ ಒಂದು ಶತಮಾನ ಮೊದಲೇ ಅಂದಾಜಿನ ಅರ್ಥದಲ್ಲಿ ಬಳಕೆಯಲ್ಲಿತ್ತು. ಹೂವನ್ನು ಮೊಳದಲ್ಲಿ ಅಳೆದು ಕೊಡುವ ಪೇಟೆಯವರಾದ ನಮಗೆ, ಹೆಬ್ಬೆರಳೂ ಒಂದು ಅಳತೆಗೋಲಾಗಿತ್ತು ಎಂಬುದು ಸಹಜವಾಗಿಯೇ ತೋರುತ್ತದೆ. ನಮ್ಮ ‘ಚಳ್ಳೆಹಣ್ಣು ತಿನ್ನಿಸು’ ಎಂಬುದಕ್ಕೂ ಕತೆಯುಂಟು: ಅಂಟಂಟಾದ ಆ ಹಣ್ಣು ತಿಂದ ಕಾವಲುಗಾರನ ಬಾಯಿ ಮೆತ್ತಿಕೊಂಡು, ಅವನಿಗೆ ಕೂಗಲಾಗದೆ ಕಳ್ಳ ಪಾರಾದನಂತೆ. ನಿಜವೋ ಕಟ್ಟಿದ್ದೋ, ಆ ಮಾತಿನಿಂದ ಯಾರ ಮನಸ್ಸೂ ನೋಯದು.

‘ಮುಂಡೆ’ಯ ವಿಷಯದಲ್ಲಿ ಇಂಥ ತಕರಾರಿಗೆ ಎಡೆಯಿಲ್ಲ. ಸಂಸ್ಕೃತದ ‘ಮುಂಡ’ ಎಂದರೆ ಬೋಳಿಸಿದ ತಲೆ. ಗಂಡ ಸತ್ತವಳ ಕೂದಲು ತೆಗೆಸುತ್ತಿದ್ದ ಕ್ರೌರ್ಯ ಆ ಪದದೊಳಗೇ ಇದೆ. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟು ಪದಗಳ ಜೊತೆಗೆ ಗಾದೆಗಳನ್ನೂ ಜೋಪಾನವಾಗಿ ದಾಖಲಿಸಿತು. ನಿಘಂಟಿನಿಂದ ಯಾವ ಮಾತನ್ನೂ ಕಿತ್ತುಹಾಕಬೇಕೆಂದು ನಾನು ಹೇಳಲಾರೆ, ಅಧ್ಯಯನಕ್ಕೆ ಅವು ಬೇಕು. ಕಚೇರಿಯ ಸಂಗತಿ ಬೇರೆ. ಅಲ್ಲಿ ಕೇಳುವವರು ಎದ್ದು ಹೋಗುವಂತಿಲ್ಲ, ಮೇಲಧಿಕಾರಿಗೆ ಎದುರಾಡುವುದೂ ಸುಲಭವಲ್ಲ.

ಸಭೆಯ ಮರುದಿನ ಆ ಸಹೋದ್ಯೋಗಿಯಲ್ಲಿ ಕ್ಷಮೆ ಕೇಳಿದೆ. ‘ನೀವು ಬೇಕೆಂದು ಹೇಳಿದ್ದಲ್ಲ ಸರ್, ಆದರೆ ಆ ಗಾದೆ ಕೇಳಿದಾಗಲೆಲ್ಲ ಆ ಮದುವೆಮನೆಯಲ್ಲಿ ನಿಂತವಳು ನಾನೇ ಎನಿಸುತ್ತದೆ’ ಎಂದರು. ಸಭೆಯ ನಡಾವಳಿಯಿಂದ ಗಾದೆಯನ್ನು ತೆಗೆಸಿ, ‘ಗೊಂದಲದ ಲಾಭ ಪಡೆದವರು’ ಎಂದು ಬರೆಸಿದೆ.

ನಮಸ್ಕಾರ.