ಆ ಮಿನಿಬಸ್ಸಿನಲ್ಲಿದ್ದವರು

ಕೇಳುಗರಿಗೆ ನಮಸ್ಕಾರ.

2016ರ ಜನವರಿ 20ರ ಸಂಜೆ. ಅಫ್ಘಾನಿಸ್ತಾನದ ರಾಜಧಾನಿ ಕಾಬೂಲಿನ ಖಾಸಗಿ ವಾಹಿನಿ ಟೋಲೊ ಟಿವಿಯಲ್ಲಿ ಕೆಲಸ ಮುಗಿಸಿದವರು ಮಿನಿಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ತಾಲಿಬಾನಿನ ಆತ್ಮಹತ್ಯಾ ದಾಳಿಕೋರನೊಬ್ಬ ಕಾರಿನಲ್ಲಿ ಬಾಂಬ್ ತಂದು ಸ್ಫೋಟಿಸಿದ. ಏಳು ಮಂದಿ ನೌಕರರು ಸತ್ತರು. ತಾನು ವಶಪಡಿಸಿಕೊಂಡಿದ್ದ ಕುಂದುಜ್ ನಗರದ ಬಗ್ಗೆ ಟೋಲೊ ಮಾಡಿದ ವರದಿಗಳಿಂದ ಕೆರಳಿದ್ದ ತಾಲಿಬಾನ್, ಈ ವಾಹಿನಿಯ ಮೇಲೆ ದಾಳಿ ಮಾಡುವುದಾಗಿ ಮೂರು ತಿಂಗಳ ಹಿಂದೆಯೇ ಸಾರಿತ್ತು. ಆದರೆ ಬಸ್ಸಿನಲ್ಲಿದ್ದವರು ಸುದ್ದಿ ಓದುವವರಲ್ಲ. ಧಾರಾವಾಹಿಗಳಿಗೆ ದನಿ ಕೊಡುವಂಥ ತೆರೆಮರೆಯ ಕೆಲಸಗಾರರು.

ಅವರು ಅಲ್ಲಿ ಏಕೆ ಇದ್ದರು ಎಂಬುದನ್ನು ಹೇಳಬೇಕು. ಆಸ್ಟ್ರೇಲಿಯಾದಿಂದ ಮರಳಿದ ಸಾದ್ ಮೊಹ್ಸೇನಿ ಮತ್ತು ಅವರ ಒಡಹುಟ್ಟಿದವರು 2004ರಲ್ಲಿ ಟೋಲೊ ಆರಂಭಿಸಿದಾಗ ಅಮೆರಿಕದ ನೆರವೂ ಸಿಕ್ಕಿತ್ತು. ಆದರೆ ನೆರವು ನೆಚ್ಚಿಕೊಂಡು ಖಾಸಗಿ ವಾಹಿನಿ ಬಹುಕಾಲ ನಡೆಯದು. ಜಾಹೀರಾತು ಬೇಕು, ಅದಕ್ಕೆ ನೋಡುಗರು ಬೇಕು. ಸಂಜೆಯಾದರೆ ಮನೆಮಂದಿಯನ್ನು ಟಿವಿಯ ಮುಂದೆ ಕೂರಿಸಿದ್ದು ದರಿ ಭಾಷೆಗೆ ಡಬ್ ಆದ ನಮ್ಮ ಹಿಂದಿ ಧಾರಾವಾಹಿಗಳು, ಮೊಬೈಲ್ ಸಂದೇಶದಿಂದ ಮತ ಹಾಕಿ ಗೆಲ್ಲಿಸುವ ಹಾಡಿನ ಸ್ಪರ್ಧೆ. ಮೊಬೈಲ್ ಕಂಪನಿಗಳು ಹಣ ಕೊಟ್ಟವು. ಆ ಹಣವೇ ಸುದ್ದಿ ವಿಭಾಗಕ್ಕೂ ಅನ್ನ ಹಾಕಿತು.

2008ರಲ್ಲಿ ಸರ್ಕಾರವೇ ಹಿಂದಿ ಧಾರಾವಾಹಿಗಳನ್ನು ನಿಲ್ಲಿಸಿ ಎಂದಿತು. ಟೋಲೊ ದೇವರ ವಿಗ್ರಹಗಳನ್ನೂ ನಟಿಯರ ಬರಿ ತೋಳುಗಳನ್ನೂ ಮಸುಕುಮಾಡಿ ಪ್ರಸಾರ ಮುಂದುವರಿಸಿತು. ಇದನ್ನು ಅಂಜುಬುರುಕತನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಧಾರಾವಾಹಿ ನಿಂತಿದ್ದರೆ ಸುದ್ದಿಯೂ ಬಡವಾಗುತ್ತಿತ್ತು. ಇಂಥ ವಾಹಿನಿಯನ್ನು ನೆನೆದಾಗ ನಾವು ಸುದ್ದಿಗಾರರನ್ನಷ್ಟೇ ಕೊಂಡಾಡುತ್ತೇವೆ. ಬೇರೊಬ್ಬರ ಅಳುವಿಗೆ ತನ್ನ ದನಿ ಕೊಟ್ಟು ಆ ಸುದ್ದಿಗೆ ಹಣ ಗಳಿಸಿಕೊಟ್ಟವರ ಹೆಸರು ನಮ್ಮ ಕಿವಿಗೇ ಬೀಳುವುದಿಲ್ಲ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾಯಿತು. ಎರಡೇ ದಿನಗಳಲ್ಲಿ ಟೋಲೊ ಸುದ್ದಿವಾಹಿನಿಯ ನಿರೂಪಕಿ ಬೆಹೆಷ್ಟಾ ಅರ್ಗಂದ್ ತಾಲಿಬಾನ್ ಪ್ರತಿನಿಧಿಯ ಎದುರು ಕುಳಿತು ಪ್ರಶ್ನೆ ಕೇಳಿದರು. ಆ ತಿಂಗಳಲ್ಲೇ ದೇಶ ಬಿಟ್ಟರು. ನವೆಂಬರಿನಲ್ಲಿ ಮಹಿಳೆಯರು ನಟಿಸುವ ಧಾರಾವಾಹಿಗಳೂ ಬೇಡ ಎಂಬ ಆದೇಶ ಬಂತು. ಗಳಿಕೆಯ ಬೇರಿಗೇ ಕೊಡಲಿ ಬಿತ್ತು.

ಆದರೂ ವಾಹಿನಿ ಮುಚ್ಚಲಿಲ್ಲ. 2022ರ ಮೇ ತಿಂಗಳಲ್ಲಿ ನಿರೂಪಕಿಯರು ಮುಖ ಮುಚ್ಚಿಕೊಳ್ಳಬೇಕೆಂಬ ಅಪ್ಪಣೆಯಾದಾಗ, ಅವರ ಸಹೋದ್ಯೋಗಿ ಗಂಡಸರೂ ಕಪ್ಪು ಮಾಸ್ಕ್ ಧರಿಸಿ ಕ್ಯಾಮೆರಾ ಮುಂದೆ ಕುಳಿತು ಅಂದಿನ ಸುದ್ದಿ ಓದಿದರು.