ಒಂದೊಂದೇ ಎಳೆ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೇ ನನ್ನ ಸ್ಕೂಟರಿನ ಕ್ಲಚ್ ಕೇಬಲ್ ಕಟ್ಟಾಯಿತು. ಮೆಕ್ಯಾನಿಕ್ ಹಳೇ ಕೇಬಲ್ ಎಳೆದು ನನ್ನ ಕೈಗಿಟ್ಟ. ನಡುವೆಲ್ಲ ಹೊಸದರ ಹಾಗೇ ಇದೆ. ಹೋಗಿದ್ದು ಹಿಡಿಯ ಹತ್ತಿರ, ದಿನಾ ಬಾಗುವ ಜಾಗದಲ್ಲಿ. ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿತ್ತು. "ಇವತ್ತು ಕಟ್ಟಾಗಿದ್ದಲ್ಲ ಸಾರ್, ಒಂದೊಂದೇ ಎಳೆ ಹೋಗಿ ಎಷ್ಟು ದಿನ ಆಯ್ತೋ" ಅಂದ.

ಗಣಿಯಲ್ಲಿ ಜನರನ್ನೂ ಅದಿರನ್ನೂ ಮೇಲೆತ್ತುವ ಉಕ್ಕಿನ ಹಗ್ಗದ ಕಥೆಯೂ ಇದೇ. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 2001ರಲ್ಲಿ ಮುಚ್ಚಿದ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಅಷ್ಟು ಆಳಕ್ಕೆ ಇಳಿಯುತ್ತಿದ್ದವರ ಜೀವ ಹಗ್ಗದ ಮೇಲೇ ಇತ್ತಲ್ವಾ?

ಮೊದಲು ನಾರಿನ ಹಗ್ಗ, ಕಬ್ಬಿಣದ ಸರಪಳಿ ಇದ್ದವು. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಯಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ತಂತಿ ಹೊಸೆದು ಹಗ್ಗ ಮಾಡಿದ. ಇದರಲ್ಲಿ ಒಂದೆರಡು ತಂತಿ ಹೋದರೂ ಉಳಿದವು ಭಾರ ಹೊರುತ್ತವೆ. ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದೂ ತಡವಾಗುತ್ತದೆ.

ಭಾರ ಜಾಸ್ತಿಯಾಗಿಯೇ ಹಗ್ಗ ಹರಿಯುತ್ತದೆ ಅಂದುಕೊಳ್ಳುತ್ತೇವೆ. ಭಾರವೇನೋ ಇದೆ. 40 ಮಿಲಿಮೀಟರ್ ದಪ್ಪದ ಹಗ್ಗ ಸಾವಿರ ಮೀಟರ್ ಇಳಿಬಿಟ್ಟರೆ ಅದರ ತೂಕವೇ ಸುಮಾರು 6 ಟನ್. ಆದರೆ ಅದಕ್ಕೆಲ್ಲ ಲೆಕ್ಕ ಹಾಕಿ, ಹಲವು ಪಟ್ಟು ಗಟ್ಟಿಯಾದ ಹಗ್ಗವನ್ನೇ ಕಟ್ಟಿರುತ್ತಾರೆ. ಹಗ್ಗವನ್ನು ತಿನ್ನುವುದು ಬಾಗುವಿಕೆ. ರಾಟೆ ಮೇಲೆ ಹಾದಾಗಲೆಲ್ಲ ತಂತಿ ಬಾಗಿ, ಮತ್ತೆ ನೆಟ್ಟಗಾಗಬೇಕು. ಸುಮ್ನೆ ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ, ಪಟಕ್ಕಂತ ಮುರಿಯುತ್ತದೆ. ಅದಕ್ಕೇ 40 ಮಿಲಿಮೀಟರ್ ಹಗ್ಗಕ್ಕೆ ಮೂರು-ನಾಲ್ಕು ಮೀಟರ್ ಅಗಲದ ರಾಟೆ ಇಡುವುದು.

ಇನ್ನೊಂದು ಶತ್ರು ನೀರು. ಗಣಿಯ ಗೋಡೆಯಿಂದ ಸದಾ ತೊಟ್ಟಿಕ್ಕುತ್ತಿರುತ್ತದೆ. ಹಲವು ಬಗೆಯ ಹಗ್ಗಗಳ ಒಳಗೆ, ನಟ್ಟನಡುವೆ, ಎಣ್ಣೆ ಕುಡಿಸಿದ ನಾರಿನ ಹುರಿ ಇರುತ್ತದೆ. ಅದು ಒಣಗಿದರೆ ಒಳಗಿನ ತಂತಿಗಳು ಒಂದಕ್ಕೊಂದು ಉಜ್ಜಿ, ತುಕ್ಕು ಹಿಡಿಯುತ್ತವೆ. ಮೇಲೆ ಗ್ರೀಸ್ ಫಳಫಳ, ಒಳಗೆ ಟೊಳ್ಳು. ಎಳೆಗಳ ಸಂದಿಯಿಂದ ಕೆಂಪು ಪುಡಿ ಉದುರಿದರೆ ಅನುಭವಸ್ಥರು ಅಲ್ಲೇ ಕೆಲಸ ನಿಲ್ಲಿಸಿಬಿಡುತ್ತಾರೆ.

ಸಡಿಲಾದ ಹಗ್ಗ ಜಗ್ಗನೆ ಬಿಗಿಯುವುದು, ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಮೇಲೆ ಒಂದು ಸುತ್ತು ಇನ್ನೊಂದನ್ನು ಹಿಸುಕುವುದು, ಇವೂ ಹಗ್ಗವನ್ನು ಹಾಳುಮಾಡುತ್ತವೆ.

ಜನರನ್ನೂ ಅದಿರನ್ನೂ ಹೊರುವ ತೊಟ್ಟಿಲಿಗೆ ಹಗ್ಗ ಸೇರುವ ಕೊನೆಯ ತುದಿಗಂತೂ ನೀರು, ಕೆಸರು, ನಡುಕ, ಎಲ್ಲವೂ ಒಟ್ಟಿಗೆ ಬೀಳುತ್ತವೆ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ಆ ತುದಿಯನ್ನು ಕತ್ತರಿಸಿ ತೆಗೆದು, ಎಳೆ ಎಳೆಯಾಗಿ ಬಿಡಿಸಿ ನೋಡುತ್ತಾರೆ. ಉಳಿದ ಉದ್ದಕ್ಕೆ ಹಳೇ ಉಪಾಯವೊಂದಿದೆ. ಹಗ್ಗ ನಿಧಾನಕ್ಕೆ ಓಡುತ್ತಿರುವಾಗ ಅದಕ್ಕೊಂದು ಬಟ್ಟೆ ತಾಗಿಸಿ ಹಿಡಿಯುವುದು. ಮುರಿದ ತಂತಿಯ ಮೊನೆ ಕಣ್ಣಿಗೆ ಬೀಳದಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಪರ್ರ್ ಅಂದ ಕಡೆ ಯಂತ್ರ ನಿಲ್ಲಿಸಿ, ಗ್ರೀಸ್ ಒರೆಸಿ, ಮುರಿದವು ಎಷ್ಟು ಅಂತ ಎಣಿಸುತ್ತಾರೆ.

ನಮಸ್ಕಾರ.